ಟಕ್ ಅನ್ನುವ ಸದ್ದು

ಅಪ್ಪಾ,

ಕಾರು ಮುಟ್ಟಬೇಡಿ. ಕೀ ಹುಡುಕಿ ಸುಸ್ತಾಗಬೇಡಿ, ನನ್ನ ಬ್ಯಾಗಲ್ಲಿದೆ. ಪುಟ್ಟೀನ ಬಸ್ಸಲ್ಲೇ ಸ್ಕೂಲಿಗೆ ಕರ್ಕೊಂಡು ಹೋಗಿ.

ನಿನ್ನೆ ಅವಳು ಹಿಂದೆ ಕೂತಿದ್ದಾಗಲೇ ಸರ್ಕಲ್ ನಡುವೆ ಇಂಜಿನ್ ನಿಂತುಹೋಯ್ತಂತೆ. "ತಾತ ಹೇಳ್ಬೇಡ ಅಂದ್ರು" ಅಂತ ಅವಳೇ ಹೇಳಿದ್ಲು.

ನೀವು ಸ್ಪಾರ್ಕ್ ಪ್ಲಗ್ ಬದಲಾಯಿಸಿದ ದಿನದಿಂದ ಇಂಜಿನ್ ಕಟಕಟ ಅಂತಿದೆ ಅಂದ್ರೆ "ಯಾವ ಸದ್ದು?" ಅಂತ ನನ್ನನ್ನೇ ಕೇಳ್ತೀರಿ. ಸ್ಟಿಯರಿಂಗ್ ಮುಂದೆ ಇಂಜಿನ್ನಿನ ಹಳದಿ ದೀಪ ಉರೀತಿದೆ ಅಂದ್ರೆ ದೀಪವೇ ಕೆಟ್ಟಿದೆ ಅಂತೀರಿ. ನೀವು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು!

ಬೆಳಿಗ್ಗೆ ನಾಲ್ಕೂ ಪ್ಲಗ್ ಬಿಚ್ಚಿದೆ. ಅಷ್ಟು ಬಿಗಿ, ಎರಡೂ ಕೈ ಹಾಕಬೇಕಾಯ್ತು. ಒಂದರ ಪಿಂಗಾಣಿ ಬಿರುಕು ಬಿಟ್ಟಿದೆ. ಈ ಚೀಟಿ ಮೇಲೆ ಇಟ್ಟಿರೋದು ಅದೇ, ನೋಡಿ.

ಪ್ಲಗ್ ಬಿಗಿ ಮಾಡುವಾಗ ಟಾರ್ಕ್ ರೆಂಚ್ ಟಕ್ ಅಂದ ತಕ್ಷಣ ನಿಲ್ಲಿಸು, ಬಿಗಿ ಸಾಕು ಅಂತ ಅದರರ್ಥ, ಇನ್ನೊಂಚೂರು ತಿರುಗಿಸಿದ್ರೂ ಪ್ಲಗ್ ಹೋಯ್ತು ಅಂತ ನನಗೆ ಕಲಿಸಿದ್ದೇ ನೀವು. ಆ ಟಕ್ ನಿಮಗೆ ಕೇಳಿಸಲೇ ಇಲ್ಲ, ಅಲ್ವಾ?

ಅಮ್ಮನಿಗೆ ಇನ್ನೂ ಹೇಳಿಲ್ಲ. ನಾಳೆ ಕಿವಿ ಡಾಕ್ಟರ್ ಹತ್ರ ಹೋಗ್ತಿದ್ದೀವಿ, ವಾದ ಬೇಡ.

ಸಂಜೆ ಹೊಸ ಪ್ಲಗ್ ತರ್ತೀನಿ. ಬಿಗಿ ಮಾಡೋದು ನೀವೇ. ಟಕ್ ಅಂದಾಗ ನಾನು ನಿಮ್ಮ ಭುಜ ತಟ್ತೀನಿ.