ಹೂಂ ಎನ್ನದ ಪಂಡಿತರಿಗೆ

ಕುದ್ರೋಳಿ, ೧೨-೮-೧೯೩೪

ಪಂಡಿತ ಮಹಾಶಯರ ದಿವ್ಯಸನ್ನಿಧಾನಕ್ಕೆ,

ತಮ್ಮ ಕಥಾಸಂಗ್ರಹವನ್ನು ನನ್ನ ಅಜ್ಜಿ ದೇಯಿಗೆ ಓದಿ ಹೇಳಿದೆ. ಅದರಲ್ಲಿ ತಾವು "ಕುದ್ರೋಳಿಯ ದೇಯಿಗೆ ಮರೆವು, ಕಥೆ ಅರ್ಧಕ್ಕೇ ನಿಂತಿತು" ಎಂದು ಅಚ್ಚು ಹಾಕಿಸಿದ್ದೀರಿ. ಅಂದಿನಿಂದ ಅವಳು ಮಕ್ಕಳಿಗೂ ಕಥೆ ಹೇಳುವುದಿಲ್ಲ. "ಪುಸ್ತಕದಲ್ಲೇ ಉಂಟಲ್ಲ, ನನಗೆ ಮರೆವು" ಎನ್ನುತ್ತಾಳೆ.

ಕಥೆ ಕೇಳುವವರು ಮಾತುಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಅವರು ಮಲಗಿದರೆಂದು ಕಥೆಯೂ ನಿಲ್ಲುತ್ತದೆ. ಕೂಸುಗಳಿಗೂ ಗೊತ್ತಿರುವ ಈ ವಿದ್ಯೆ ತಮ್ಮ ಬಿ.ಎ.ಗೆ ಇರಲಿಲ್ಲವೇನೋ. ಅಂದು ಅಜ್ಜಿಯ ಕಥೆ ಬರೆದುಕೊಳ್ಳಲು ನಮ್ಮ ಮನೆಗೆ ಬಂದ ತಾವು ಬಾಯಿಗೆ ಬೀಗ ಹಾಕಿಕೊಂಡು ಗೀಚುತ್ತಾ ಕುಳಿತಿರಿ. "ಪಾಪ, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡ್ತಾರೆ, ಎಬ್ಬಿಸಬೇಡ ಮಾರಾಯ್ತಿ" ಎಂದು ನನಗೆ ಹೇಳಿ ಅಜ್ಜಿ ಒಳಗೆ ಹೋದಳು.

ಆದಿತ್ಯವಾರ ದಯಮಾಡಿಸಿ. ಪೆನ್ನು ಜಗಲಿಯಲ್ಲೇ ಇರಲಿ. ಮಕ್ಕಳ ನಡುವೆ ಕುಳಿತು ಹೂಂಗುಟ್ಟಿ, ಅಜ್ಜಿ ಕಥೆ ಮುಗಿಸಲಿ. ಅಭ್ಯಾಸಕ್ಕೆ ಈ ಪತ್ರವನ್ನೇ ಇನ್ನೊಮ್ಮೆ ಓದಿ, ಸಾಲುಸಾಲಿಗೂ ಹೂಂ ಎನ್ನಿ.

ತಮ್ಮ ಪಾದಧೂಳಿ,
ದೇಯಿಯ ಮೊಮ್ಮಗಳು ಕುಶಲಾ