ಉಪ್ಪು ಬೀಳದ ಬ್ರೆಡ್ಡು

ಬೇಕರಿಯ ಹಿಂಬದಿ ಕೋಣೆಯಿಂದ,
ಮಾರ್ಚ್ ೧೬, ಭಾನುವಾರ, ಮಧ್ಯಾಹ್ನ

ನನ್ನ ಪುಟ್ಟಿ ಬಂಗಾರಿಗೆ ಅಮ್ಮನ ಮುದ್ದು, ಅದರ ಜೊತೆಗೆ ಒಂದಿಷ್ಟು ಬೈಗುಳ.

ಹೇಗಿದ್ದೀಯ? ತಲೆಸುತ್ತು ಕಡಿಮೆಯಾಯಿತೇ? ಕೂದಲು ಉದುರುತ್ತಿದೆ ಎಂದಿದ್ದೆಯಲ್ಲ, ನಿಂತಿತೇ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮಪ್ಪನ ಕೆಮ್ಮು ಹೋಗಿದೆ, ವ್ಯಾನಿನ ಕೆಮ್ಮು ಹೋಗಿಲ್ಲ. ನನ್ನ ಮಂಡಿಗಳು ಮೆಟ್ಟಿಲು ಕಂಡರೆ ಈಗಲೂ ಅಳುತ್ತವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಅಮ್ಮಾ, ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ನನಗೆ ಸಿಟ್ಟು ಬರುವ ಹೊತ್ತು ನೋಡಿಕೊಂಡೇ ನಿಮ್ಮ ಬಟ್ಟೆ ಅಂಗಡಿಗೆ ಗಿರಾಕಿಗಳು ಬರುತ್ತಾರೋ ಏನೋ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸಲಾಗುವುದಿಲ್ಲ. ಕೂತು ಪೂರ್ತಿ ಓದು. ಓದುವ ಮೊದಲು ಏನಾದರೂ ತಿಂದುಕೋ. ಸೌತೆಕಾಯಿ ಲೆಕ್ಕಕ್ಕಿಲ್ಲ.

ಮೂಳೆ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇ ನೋಡಿ, "ಮೊದಲು ತೂಕ ಇಳಿಸ್ಕೊಂಡು ಬನ್ನಿ, ಆಮೇಲೆ ಮಂಡಿ ಬದಲಾಯಿಸೋಣ" ಎಂದದ್ದು ನಿನಗೆ ಗೊತ್ತು. ಬದಲಾಯಿಸದಿದ್ದರೆ ಒಲೆಯ ಮುಂದೆ ನಿಲ್ಲುವ ಕೆಲಸ ಬಿಡಬೇಕು. ನನ್ನ ಅಜ್ಜಿ ನಿಂತ ಜಾಗ, ನನ್ನಮ್ಮ ನಿಂತ ಜಾಗ, ಅದನ್ನು ಬಿಟ್ಟು ನಾನು ಗಲ್ಲಾಪೆಟ್ಟಿಗೆಯ ಹಿಂದೆ ಬೊಂಬೆಯ ಹಾಗೆ ಕೂರಬೇಕು. ಆ ಮಾತು ಕೇಳಿ ನೀನು ರಜೆ ಹಾಕಿ ಓಡಿ ಬಂದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ಆದರೆ ಬಂದವಳು ಮಾಡಿದ್ದೇನು? ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಗೆ ನುಗ್ಗಿದೆ. ಅಕ್ಕಿ ಡಬ್ಬ, ಆಲೂಗಡ್ಡೆ ಬುಟ್ಟಿ, ಅಂದು ಬೆಳಿಗ್ಗೆ ತಾನೇ ಬೆಂದ ಬ್ರೆಡ್ಡು, ಎಲ್ಲವನ್ನೂ ಬಾಚಿ ಪಕ್ಕದ ಮನೆಯ ಟೈಲರಮ್ಮನ ಮಡಿಲಿಗೆ ಸುರಿದೆ. "ಇದೆಲ್ಲಾ ಕಾರ್ಬ್ ಅಮ್ಮಾ, ವಿಷ" ಎಂದೆ. ವಿಷವಂತೆ! ಮೂರು ತಲೆಮಾರಿನಿಂದ ನಾವು ವಿಷ ಬೇಯಿಸಿ ವ್ಯಾನಿನಲ್ಲಿ ಮನೆಮನೆಗೆ ಹಂಚುತ್ತಿದ್ದೇವೆಯೇ? ನಿನ್ನ ಮೊದಲ ಹಾಲುಹಲ್ಲು ಬಿದ್ದದ್ದು ಯಾವುದನ್ನು ಕಚ್ಚಿ? ಜ್ವರ ಬಂದಾಗ ಯಾವುದನ್ನು ಹಾಲಿನಲ್ಲಿ ನೆನೆಸಿ ಕೊಡು ಎಂದು ರಚ್ಚೆ ಹಿಡಿಯುತ್ತಿದ್ದೆ? ಟೈಲರಮ್ಮ ನಿನ್ನ ವಿಷವನ್ನೆಲ್ಲ ತಿಂದು ಗುಂಡುಕಲ್ಲಿನ ಹಾಗಿದ್ದಾಳೆ. ನಾನು ಗೋಡೆಯ ಆಚೆ ಅವಳ ಕುಕ್ಕರು ಕೂಗುವುದನ್ನು ಕೇಳುತ್ತಾ ಬೇಯಿಸಿದ ಕೋಸು ಅಗಿದೆ.

ಹಲ್ಲು ಕಚ್ಚಿ ಮಾಡಿದೆ ಮಗಳೇ, ಇಲ್ಲವೆನ್ನಬೇಡ. ಅನ್ನ ಬಿಟ್ಟೆ, ಬ್ರೆಡ್ಡು ಬಿಟ್ಟೆ, ಬಾಳೆಹಣ್ಣನ್ನು ಸಹ ಬಿಟ್ಟೆ. ಮೊದಮೊದಲು ತೂಕದ ಯಂತ್ರ ನನ್ನನ್ನು ಹೊಗಳಿತು. ನೀನೂ ಫೋನಿನಲ್ಲಿ ಕುಣಿದಾಡಿದೆ. ಆಮೇಲೆ ಶುರುವಾಯಿತು ನೋಡು. ಬೆಳಗಿನ ಜಾವ ಹಿಟ್ಟು ನಾದುವಾಗ ಕೈ ನಡುಗುವುದು, ಸುಮ್ಮಸುಮ್ಮನೆ ಎಲ್ಲರ ಮೇಲೆ ಎಗರಾಡುವುದು. ನಿಮ್ಮಪ್ಪ ವ್ಯಾನಿನ ಬೀಗದ ಕೈ ಎಲ್ಲಿ ಎಂದು ಕೇಳಿದ್ದಕ್ಕೆ ನಾನು ಅತ್ತುಬಿಟ್ಟೆ ಎಂದರೆ ನಂಬುತ್ತೀಯಾ? ದಿನವಿಡೀ ಬ್ರೆಡ್ಡಿನ ವಾಸನೆಯಲ್ಲೇ ಇದ್ದು ಬ್ರೆಡ್ಡು ಮುಟ್ಟದೆ ಬದುಕು ಎಂದು ಹೇಳುವವರಿಗೆ ಒಂದು ದಿನ ನನ್ನ ಏಪ್ರನ್ನು ಕಟ್ಟಿ ಒಲೆಯ ಮುಂದೆ ನಿಲ್ಲಿಸಬೇಕು. ಒಂದು ಮಧ್ಯಾಹ್ನ ತಡೆಯಲಾರದೆ ಹಿಟ್ಟಿನ ಮೂಟೆಗಳ ಕೋಣೆಗೆ ಹೋದೆ, ಒಳಗಿನಿಂದ ಚಿಲಕ ಹಾಕಿಕೊಂಡೆ, ನಿಂತುಕೊಂಡೇ ಇಡೀ ಒಂದು ಬ್ರೆಡ್ಡು ಮುಗಿಸಿದೆ. ರುಚಿ ನೋಡಿದೆ ಎಂದುಕೊಂಡೆಯಾ? ಎಲ್ಲಿಯ ರುಚಿ! ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ನುಂಗಿದೆ. ಆಮೇಲೆ ಸೆರಗಿನ ಮೇಲಿನ ಚೂರುಗಳನ್ನು ಕೊಡವಿ ಹೊರಗೆ ಬಂದಾಗ ನನ್ನ ಮುಖ ಕದ್ದು ಸಿಕ್ಕಿಬಿದ್ದವಳ ಮುಖವಾಗಿತ್ತು. ನನ್ನ ಬೇಕರಿ, ನನ್ನ ಹಿಟ್ಟು, ನನ್ನ ಕೈ ನಾದಿದ ಬ್ರೆಡ್ಡು. ಯಾರ ಮನೆಯದನ್ನು ಕದ್ದೆನಮ್ಮಾ ನಾನು?

ಇನ್ನು ಒಲೆಯ ವಿಷಯ. ಒಲೆಯಿಂದ ಬಂದ ಮೊದಲ ಬ್ರೆಡ್ಡನ್ನು ನಾವು ಮಾರುವುದಿಲ್ಲ ಎನ್ನುವುದು ನಿನಗೆ ಗೊತ್ತಿಲ್ಲದ್ದಲ್ಲ, ಆದರೆ ಮರೆತವಳ ಹಾಗೆ ಆಡುತ್ತೀಯಾದ್ದರಿಂದ ಹೇಳುತ್ತೇನೆ. ನಾನು ಅದನ್ನು ಮುರಿದು ಒಂದು ತುಂಡು ತಿಂದು "ಹೂಂ" ಎನ್ನಬೇಕು. ಆಮೇಲೆ ಒಲೆಯ ಉರಿ ನೋಡಿಕೊಳ್ಳುವ ನಿನ್ನ ಒಲೆ ಮಾವ ತಿನ್ನುತ್ತಾನೆ, ನಿಮ್ಮಪ್ಪ ತಿನ್ನುತ್ತಾರೆ, ವ್ಯಾನಿನ ಬಾಗಿಲು ತೆರೆಯುತ್ತದೆ. ನನ್ನ ಅಜ್ಜಿಯ ಕಾಲದಿಂದ ನಡೆದುಬಂದದ್ದು. ನಿನ್ನ ಪಥ್ಯ ಶುರುವಾದ ಮೇಲೆ ನಾನು ಮುರಿಯುತ್ತಿದ್ದೆ, ಮೂಸುತ್ತಿದ್ದೆ, ಹೂಂ ಎನ್ನುತ್ತಿದ್ದೆ, ಅಷ್ಟೇ. ಬಾಯಿಗೆ ಇಡುತ್ತಿರಲಿಲ್ಲ. ಒಲೆ ಮಾವನಿಗೆ ನೀನಾದರೂ ತಿನ್ನು ಮಾರಾಯಾ ಎಂದೆ. "ಅಕ್ಕಾ, ನೀವು ಬಾಯಿ ಕಟ್ಕೊಂಡು ನಿಂತಿರೋವಾಗ ನನ್ನ ಗಂಟಲಲ್ಲಿ ಹೇಗೆ ಇಳಿಯುತ್ತೆ?" ಎಂದು ಅವನೂ ಬಿಟ್ಟ. ನಾವಿಬ್ಬರೂ ತಿನ್ನದಿರುವುದನ್ನು ನೋಡಿ ನಿಮ್ಮಪ್ಪನೂ ಬಿಟ್ಟ ಹಾಗೆ ಮಾಡಿದರು. ಮರ್ಯಾದೆ ಎಂದರೆ ಮರ್ಯಾದೆ! ಮೂರು ಜನ ದೊಡ್ಡವರು ಬಿಸಿ ಬ್ರೆಡ್ಡಿನ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಒರೆಸಿಕೊಳ್ಳುತ್ತಿದ್ದೆವು.

ಹೋದ ತಿಂಗಳು ಒಂದು ದಿನ ಹಿಟ್ಟು ಕಲೆಸುವಾಗ ನನಗೆ ಕಣ್ಣು ಕತ್ತಲೆ ಬಂದಂತಾಯಿತು. ಕೈಯಲ್ಲಿದ್ದ ಉಪ್ಪಿನ ಬಟ್ಟಲನ್ನು ಕಿಟಕಿಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತೆ. ಎದ್ದ ಮೇಲೆ ನೀರು ಸುರಿದೆ, ನಾದಿದೆ, ಮುಚ್ಚಿಟ್ಟೆ. ಬಟ್ಟಲು ಕಿಟಕಿಯಲ್ಲೇ ಉಳಿಯಿತು. ಉಪ್ಪಿಲ್ಲದ ಹಿಟ್ಟು ಕೈಗೆ ಅಂಟುತ್ತದೆ, ಬೇಗ ಉಬ್ಬುತ್ತದೆ. ಆ ದಿನ ಅಂಟಿತು, ಸರಸರನೆ ಉಬ್ಬಿತು. ಸೆಖೆಗೆ ಇರಬೇಕು ಎಂದುಕೊಂಡೆ. ಬೆಂದು ಬಂದಾಗ ಬಣ್ಣ ಬಿಳಿಚಿಕೊಂಡಿತ್ತು. ಉರಿ ಸಾಲದಾಯಿತೇನೋ ಎಂದು ಒಲೆ ಮಾವನನ್ನೇ ಗದರಿದೆ, ಪಾಪ. ತಲೆಯಲ್ಲಿ ಕೋಸು, ಸೌತೆ, ತೂಕದ ಯಂತ್ರ ಬಿಟ್ಟು ಬೇರೇನಾದರೂ ಇದ್ದರಲ್ಲವೇ ಹೊಳೆಯುವುದು? ಮೊದಲ ಬ್ರೆಡ್ಡು ಮುರಿದೆ, ಮೂಸಿದೆ, ಹೂಂ ಎಂದೆ. ಒಂದೇ ಒಂದು ತುಂಡು ನಾಲಿಗೆಗೆ ತಾಗಿದ್ದರೆ ಸಾಕಿತ್ತು.

ವ್ಯಾನು ಹಾಸ್ಟೆಲಿಗೆ ಹೋಯಿತು, ಆಸ್ಪತ್ರೆಯ ಅಡುಗೆಮನೆಗೆ ಹೋಯಿತು, ಅಂಗಡಿಗಳಿಗೆಲ್ಲ ಹೋಯಿತು. ಕಡೆಯಲ್ಲಿ ಟೀ ಅಂಗಡಿ. ನಿಮ್ಮಪ್ಪ ನಮ್ಮ ಮುಂದೆ ಬಿಟ್ಟ ಬ್ರೆಡ್ಡನ್ನು ದಿನಾ ಅಲ್ಲಿ ಕೂತು ಟೀಯಲ್ಲಿ ಅದ್ದಿ ತಿನ್ನುತ್ತಿದ್ದರು ಎನ್ನುವ ಸತ್ಯವೂ ಅಂದೇ ಬಯಲಾಯಿತು. ಬಾಯಿಗಿಟ್ಟರಂತೆ, ಕಕ್ಕಾಬಿಕ್ಕಿಯಾದರಂತೆ. ಟೀ ಅಂಗಡಿಯವನು ತಾನೂ ಒಂದು ತುಂಡು ಕಚ್ಚಿ, "ಏನ್ ಸಾರ್, ಮನೇಲಿ ಎಲ್ಲಾ ಸೌಖ್ಯ ತಾನೆ?" ಎಂದು ಕೇಳಿದನಂತೆ. ಬ್ರೆಡ್ಡು ಹೀಗಿದೆ ಎಂದರೆ ಯಾರೋ ಹಾಸಿಗೆ ಹಿಡಿದಿರಬೇಕು ಎಂದುಕೊಂಡ ಅವನು. ನಿಮ್ಮಪ್ಪ ಹೋದ ದಾರಿಯಲ್ಲೇ ವಾಪಸು ಹೋಗಿ ಎಲ್ಲ ಕಡೆಯಿಂದ ಬ್ರೆಡ್ಡು ತುಂಬಿಕೊಂಡು ಬಂದರು. ಆಸ್ಪತ್ರೆಯ ಅಡುಗೆಯವಳೊಬ್ಬಳು ಮಾತ್ರ, "ಇರ್ಲಿ ಬಿಡಿ, ಬಿಪಿ ವಾರ್ಡಿಗೆ ನಡೆಯುತ್ತೆ" ಎಂದು ಸ್ವಲ್ಪ ಉಳಿಸಿಕೊಂಡಳಂತೆ. ನಗಬೇಡ. ನಾನು ಆ ದಿನ ಅಂಗಡಿಯ ಬಾಗಿಲು ಅರ್ಧ ಎಳೆದು ತಲೆ ತಗ್ಗಿಸಿ ಕೂತಿದ್ದೆ. ಇಷ್ಟು ವರ್ಷ ಹೆರಿಗೆ ನೋವಿನಲ್ಲೂ, ನನ್ನಮ್ಮ ತೀರಿಕೊಂಡ ವಾರದಲ್ಲೂ ನನ್ನ ಬ್ರೆಡ್ಡು ಕೆಟ್ಟಿರಲಿಲ್ಲ. ಕೆಟ್ಟದ್ದು ನಿನ್ನ ಕೋಸಿನ ದೆಸೆಯಿಂದ.

ಮರುದಿನವೇ ಆಸ್ಪತ್ರೆಯಲ್ಲಿ ಪಥ್ಯ ಹೇಳುವವರ ಕೋಣೆಗೆ ಹೋದೆ. ಅಲ್ಲಿ ನಿನಗಿಂತ ಸ್ವಲ್ಪ ದೊಡ್ಡವಳು ಒಬ್ಬಳಿದ್ದಾಳೆ, ಕನ್ನಡಕದವಳು. ಏನು ತಿಂತೀರಿ ಎಂದು ಕೇಳಿದಳು. ಕೋಸು, ಮೊಟ್ಟೆ, ಸೌತೆಕಾಯಿ ಎಂದೆ. ಆಮೇಲೆ ಬಾಗಿಲ ಕಡೆ ನೋಡಿಕೊಂಡು, ದನಿ ತಗ್ಗಿಸಿ, ಬ್ರೆಡ್ಡೂ ತಿಂದೆ ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಬ್ರೆಡ್ ತಾನೆ ತಿಂದಿದ್ದು? ಯಾಕಮ್ಮಾ ಯಾರನ್ನೋ ಕೊಂದೋರ ಥರ ಹೇಳ್ತೀರಿ?" ಎಂದಳು. ನನಗೆ ಅಲ್ಲೇ ಕಣ್ಣು ತುಂಬಿತು ಪುಟ್ಟೀ. ಅನ್ನವೋ ಬ್ರೆಡ್ಡೋ ಆಲೂಗಡ್ಡೆಯೋ, ಬಿಡಬೇಕಾದ್ದಿಲ್ಲವಂತೆ. ಅಳತೆಯಲ್ಲಿ ತಿನ್ನಬೇಕಂತೆ, ಜೊತೆಗೆ ಕಾಳು, ಸೊಪ್ಪು, ಮೊಟ್ಟೆ ಇರಬೇಕಂತೆ, ಕೂತು ನಿಧಾನವಾಗಿ ತಿನ್ನಬೇಕಂತೆ. ತವುಡು ತೆಗೆಯದ ಹಿಟ್ಟಿನ ಬ್ರೆಡ್ಡಾದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದಂತೆ. "ಪೂರ್ತಿ ಬಿಟ್ಟು, ಆಮೇಲೆ ಕದ್ದು ತಿಂದ್ರೆ ಅಳತೆ ಎಲ್ಲಿ ಉಳಿಯುತ್ತೆ?" ಎಂದಳು. ಹಿಟ್ಟಿನ ಕೋಣೆಯ ಚಿಲಕ ಇವಳಿಗೆ ಹೇಗೆ ಗೊತ್ತಾಯಿತು ಎಂದು ನಾನು ಬೆಪ್ಪಾಗಿ ನೋಡಿದೆ.

ಆವತ್ತಿನಿಂದ ತಟ್ಟೆಯಲ್ಲಿ ಬ್ರೆಡ್ಡು ಇಟ್ಟುಕೊಂಡು, ಕುರ್ಚಿಯ ಮೇಲೆ ಕೂತು, ಎಲ್ಲರೆದುರಿಗೆ ತಿನ್ನುತ್ತಿದ್ದೇನೆ. ಒಲೆ ಮಾವನೂ ತಿನ್ನುತ್ತಿದ್ದಾನೆ. ಮಧ್ಯಾಹ್ನ ಒಂದು ಸೌಟು ಅನ್ನ, ಅದಕ್ಕಿಂತ ಹೆಚ್ಚು ಕಾಳುಪಲ್ಯ. ಕೂತಲ್ಲೇ ಕಾಲು ಎತ್ತಿ ಇಳಿಸುವ ವ್ಯಾಯಾಮವನ್ನೂ ಕನ್ನಡಕದವಳು ಹೇಳಿಕೊಟ್ಟಿದ್ದಾಳೆ. ತೂಕ ಇಳಿಯುತ್ತಿದೆ. ನಿನ್ನ ಕೋಸಿನ ಹಾಗೆ ದಡಬಡ ಇಳಿಯುವುದಿಲ್ಲ, ಆದರೆ ಇಳಿದದ್ದು ವಾಪಸು ಬಂದಿಲ್ಲ. ಕೈ ನಡುಗುವುದು ನಿಂತಿದೆ. ನಿಮ್ಮಪ್ಪ ಈಗ ಧೈರ್ಯವಾಗಿ ಬೀಗದ ಕೈ ಕೇಳುತ್ತಾರೆ.

ನನ್ನ ಪಾಡು ಬಿಡು. ನನ್ನ ಮೈ ಉರಿಯುತ್ತಿರುವುದು ನಿನ್ನನ್ನು ನೆನೆದು. ನಾಲ್ಕು ಗೋಡೆಗೂ ಕನ್ನಡಿ ಇರುವ ಕೋಣೆಯಲ್ಲಿ ನಿಂತು ದಿನವಿಡೀ ಕಂಡವರ ಸೊಂಟದ ಅಳತೆ ನೋಡುವ ಕೆಲಸ ನಿನ್ನದು. ಯಾವ ಕನ್ನಡಿ ನಿನಗೆ ಏನು ಹೇಳಿತೋ ನನಗೆ ಗೊತ್ತಿಲ್ಲ, ನನ್ನ ಕೈಗೆ ಸಿಕ್ಕಿದ್ದರೆ ಒಡೆದು ಹಾಕುತ್ತಿದ್ದೆ. ನೀನು ನನಗೆ ಪಥ್ಯ ಹೇಳಿಕೊಡಲು ಬಂದಾಗ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದೆ. ನೀನು ಬ್ರೆಡ್ಡಿನ ತುಂಡು ಬಾಯಿಗಿಟ್ಟುಕೊಂಡೆ. ಅಗಿದೆ, ತುಂಬ ಹೊತ್ತು ಅಗಿದೆ. ಆಮೇಲೆ ಕಾಗದದಲ್ಲಿ ಉಗಿದು, ಮಡಚಿ, ಕಸದ ತೊಟ್ಟಿಯ ತಳಕ್ಕೆ ತುರುಕಿದೆ. ನಾನು ಬಾಗಿಲಲ್ಲೇ ಇದ್ದೆ. ಏನೂ ಕೇಳಲಿಲ್ಲ, ಕೇಳಿದ್ದರೆ ನೀನು ಅಂದೇ ಬಸ್ಸು ಹತ್ತುತ್ತಿದ್ದೆ. ನನಗೆ ಮಂಡಿ ನೋವಿತ್ತು, ಡಾಕ್ಟರು ಹೇಳಿದ್ದರು, ಅದಕ್ಕೆ ಇಳಿಸಬೇಕಿತ್ತು. ನಿನಗೆ ಯಾವ ಡಾಕ್ಟರು ಹೇಳಿದರು? ಕೊರಳ ಮೂಳೆ ಎದ್ದು ಕಾಣುವ ಹುಡುಗಿ ಯಾವ ತೂಕ ಇಳಿಸುತ್ತೀಯ? ಇನ್ನೊಬ್ಬರಿಗೆ ಬುದ್ಧಿ ಹೇಳುವ ಹಾಗೆ ನನ್ನ ಡಬ್ಬಗಳನ್ನು ಖಾಲಿ ಮಾಡಿದೆಯಲ್ಲ, ನೀನು ಹೆದರಿದ್ದು ನನ್ನ ಮಂಡಿಗಲ್ಲ, ನನ್ನ ಬ್ರೆಡ್ಡಿಗೆ ಎಂದು ನನಗೆ ಆಮೇಲೆ ಹೊಳೆಯಿತು. ಹೊಳೆದ ಮೇಲೆ ಸಿಟ್ಟು ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಟೈಲರಮ್ಮ ನಿನ್ನನ್ನು ತುಂಬ ಕೇಳಿದಳು, ಕೇಳದೆ ಏನು, ಅಕ್ಕಿ ಮುಗಿಯುತ್ತಾ ಬಂದಿರಬೇಕು. ನಿಮ್ಮಪ್ಪ, ಒಲೆ ಮಾವ ಇಬ್ಬರೂ ನೆನೆಸಿಕೊಂಡರೆಂದು ಬರೆಯಲು ಹೇಳಿದ್ದಾರೆ. ನೂರು ಕಾಲ ಚೆನ್ನಾಗಿರು, ಹೊಟ್ಟೆ ತುಂಬ ಉಂಡು ಚೆನ್ನಾಗಿರು.

ನಿನ್ನ ಮೇಲೆ ಕೆಂಡದಂಥ ಸಿಟ್ಟಿರುವ,
ಅಮ್ಮ

ತಾ.ಕ.: ಕಾಗದ ಅಂಚೆಗೆ ಹಾಕಲು ನಿಮ್ಮಪ್ಪ ವ್ಯಾನು ಶುರು ಮಾಡಿ ಹಾರನ್ನು ಹೊಡೆಯುತ್ತಿದ್ದಾರೆ, ನಾನು ಮುಖ್ಯವಾದದ್ದನ್ನೇ ಬರೆದಿಲ್ಲ. ಮೂಳೆ ಡಾಕ್ಟರು ನನ್ನ ತೂಕ ನೋಡಿ ಒಪ್ಪಿದರು. ಮುಂದಿನ ತಿಂಗಳ ಮೊದಲ ವಾರ ಆಪರೇಷನ್ನು. ಹೆದರಿಕೆಯಾಗುತ್ತಿದೆ, ಯಾರಿಗೂ ಹೇಳಿಲ್ಲ. ನಾನು ಮಲಗಿರುವಷ್ಟು ದಿನ ಮೊದಲ ಬ್ರೆಡ್ಡು ಮುರಿಯಲು ಯಾರಾದರೂ ಬೇಕು. ಒಲೆ ಮಾವ ತಾನು ಮುಟ್ಟುವುದಿಲ್ಲ, ಮನೆಯ ಹೆಣ್ಣುಮಕ್ಕಳೇ ಮುರಿಯಬೇಕು ಎಂದು ಹಟ ಹಿಡಿದಿದ್ದಾನೆ. ನೀನು ಬರುತ್ತೀಯ ಎಂದು ಹೇಳಿಬಿಟ್ಟಿದ್ದೇನೆ, ನನ್ನ ಮಾತು ಉಳಿಸು. ಒಂದು ತುಂಡು ಸಾಕು ಪುಟ್ಟೀ, ಚಿಕ್ಕದಾದರೂ ಪರವಾಗಿಲ್ಲ. ಆದರೆ ನುಂಗಬೇಕು. ನೀನು ನುಂಗಿ ಹೂಂ ಎನ್ನುವ ತನಕ ವ್ಯಾನು ಹೊರಡುವುದಿಲ್ಲ.