ಸೋಮವಾರ ಮಾತ್ರ ನಾರ್ಮಲ್ ಆಗಿದ್ದ ನಮ್ಮಪ್ಪ

ರಕ್ತದೊತ್ತಡ ತಪಾಸಣೆಯ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ನಿಮ್ಮ ಆರೋಗ್ಯ ಕೇಂದ್ರದ ಪ್ರಕಾರ ನಮ್ಮಪ್ಪ ಸಿದ್ದಮಲ್ಲಪ್ಪ ಆರೋಗ್ಯವಂತ. ನಾಲ್ಕು ತಿಂಗಳು, ನಾಲ್ಕು ಚೀಟಿ, ನಾಲ್ಕರಲ್ಲೂ ‘ನಾರ್ಮಲ್’ ಮೊಹರು. ಐದನೆಯ ತಿಂಗಳು ಕಬ್ಬಿನ ಗಾಡಿಗೆ ಎತ್ತು ಕಟ್ಟುವಾಗ ಕುಸಿದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಅಷ್ಟು ನಾರ್ಮಲ್ ಮನುಷ್ಯ ಸತ್ತದ್ದು ಹೇಗೆ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?

ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ನಂಜನಗೂಡಿಗೂ ಟಿ. ನರಸೀಪುರಕ್ಕೂ ಗೂಡ್ಸ್ ಆಟೋ ಓಡಿಸುತ್ತೇನೆ. ಕಾಗುಣಿತ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ಓದಿದವರಲ್ಲವೇ?

ನಿಮ್ಮ ತಪಾಸಣೆ ಸೋಮವಾರ ಮಾತ್ರ. ನಮ್ಮ ಹೆಮ್ಮರಗಾಲದ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ರಜೆ ಎಂದರೆ ಅಪ್ಪನಿಗೂ ರಜೆ. ಕಪಿಲೆಯಲ್ಲಿ ಮುಳುಗಿ, ವಿಭೂತಿ ಹಚ್ಚಿ, ನಿಮ್ಮ ಬೆಂಚಿನ ಮೇಲೆ ಎರಡು ಗಂಟೆ ತೂಕಡಿಸಿದವನ ಬಿಪಿ ಎಷ್ಟಿರುತ್ತದೆ? ನೂರ ಇಪ್ಪತ್ತಾರು. ಮಿಕ್ಕ ಆರು ದಿನ ಅವನು ಹೇಗಿರುತ್ತಾನೆ ಎಂದು ನೋಡಲು ನಿಮಗೆ ಪುರುಸೊತ್ತಿಲ್ಲ.

ನೋಡಿದವರು ಊರಿನ ಆಶಾ ಕಾರ್ಯಕರ್ತೆ ಮಹದೇವಮ್ಮ. ಒಂದು ಗುರುವಾರ ಸಂಜೆ ಜಗಲಿಯಲ್ಲಿ ಕೂರಿಸಿ, ದಣಿವಾರಿದ ಮೇಲೆ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ನೂರ ಎಪ್ಪತ್ತೆಂಟು. ಶುಕ್ರವಾರ ನೂರ ಎಂಬತ್ತು.

“ಸರಿಯಿಲ್ಲ ಕಣಣ್ಣ. ನಾಳೆನೇ ದೊಡ್ಡಾಸ್ಪತ್ರೆಗೆ ಓಗಿ ತೋರ್ಸು.”

“ನಾಳೆ ಗಾಡಿ ಕಟ್ಬೇಕು ಕಣವ್ವ. ಸೋಮ್ವಾರ ಸೆಂಟ್ರಿಗೇ ಓಯ್ತೀನಿ. ಅಲ್ಲಿ ಮೊಹರು ಒತ್ತಿ ಕೊಡ್ತಾರೆ. ನಿನ್ ಮಿಸಿನ್ ಸೆಲ್ಲು ವೀಕಾಗೈತೆ, ಬದಲಾಯ್ಸು!”

ನಾನೂ ನಕ್ಕೆ. ಸೋಮವಾರ ಅಪ್ಪನ ಜೊತೆ ಬಂದು, ಮಹದೇವಮ್ಮ ಬರೆದುಕೊಟ್ಟಿದ್ದ ಚೀಟಿಯನ್ನು ನಿಮ್ಮ ಸಿಬ್ಬಂದಿಯ ಮುಂದೆ ಇಟ್ಟೆ. ಆತ ಮುಟ್ಟಲೂ ಇಲ್ಲ.

“ಮನೇಲಿ ನೋಡಿದ್ದೆಲ್ಲ ರೆಕಾರ್ಡಿಗೆ ಬರಲ್ಲ ಕಣಪ್ಪ. ಇಲ್ಲಿ ಬಂದದ್ದೇ ಬಿಪಿ.”

ಅವತ್ತು ಒತ್ತಿದ್ದೇ ನಾಲ್ಕನೆಯ ಮೊಹರು. ಹದಿನೇಳು ದಿನಕ್ಕೆ ಅಪ್ಪ ಸತ್ತ.

ಆಮೇಲೆ ಮೈಸೂರಿನ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಬಿಪಿಯಲ್ಲೂ ಬಗೆಗಳಿವೆಯಂತೆ. ಒಂದು ಆಸ್ಪತ್ರೆ ಕಂಡರೆ ಮಾತ್ರ ಏರುವುದು, ಅದರಲ್ಲಿ ಸಾವಿನ ಭಯ ಕಡಿಮೆ. ಇನ್ನೊಂದು ಆಸ್ಪತ್ರೆಯಲ್ಲಿ ಅಡಗಿ ಕೂತು, ಹೊರಗೆ ಏರುವುದು. ಯಾರ ಕಣ್ಣಿಗೂ ಬೀಳದೆ, ಮಾತ್ರೆಯೂ ಸಿಗದೆ ಸಾಯಿಸುವುದು ಇದೇ. ಇದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಆ ಚೀಟಿ ಮುಟ್ಟಲಿಲ್ಲವೇ? ಎರಡರಲ್ಲಿ ಯಾವುದು ಮರ್ಯಾದೆಯ ಉತ್ತರವೋ ನೀವೇ ಆರಿಸಿಕೊಳ್ಳಿ.

ಈಗ ಅಮ್ಮ ಪುಟ್ಟಬಸಮ್ಮನ ಸರದಿ. ಗಂಡ ಕೂತಿದ್ದ ಬೆಂಚು ಕಂಡರೇ ಹೆದರಿ ಬಾಗಿಲಲ್ಲೇ ನಿಂತುಬಿಡುತ್ತಾಳೆ. ನಿಮ್ಮಲ್ಲಿ ನೂರ ಎಪ್ಪತ್ತು, ಜಗಲಿಯಲ್ಲಿ ನೂರ ಇಪ್ಪತ್ತೆಂಟು. ಒಂದಿದ್ದ ಮಾತ್ರೆಯನ್ನು ಎರಡು ಮಾಡಿದಿರಿ. ಮೊನ್ನೆ ಕೊಟ್ಟಿಗೆಯಲ್ಲಿ ತಲೆ ಸುತ್ತಿ ಬಿದ್ದಳು. ಆ ಎರಡನೆಯ ಮಾತ್ರೆ ಬೇಕೋ ಬೇಡವೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ನನ್ನ ಸಿಟ್ಟು ಅದಕ್ಕೇ.

ಮೊಹರು ಒತ್ತುವ ಮುಂಚೆ ಮನೆಯಲ್ಲಿ ಒಂದು ವಾರ, ಬೆಳಿಗ್ಗೆ ಸಂಜೆ ನೋಡಿದ ಬಿಪಿಯನ್ನೂ ದಾಖಲೆಗೆ ತೆಗೆದುಕೊಳ್ಳಬೇಕು. ಹೊಲದಲ್ಲಿ ಗೇಯುವ ದಿನದ್ದೂ ಅದರಲ್ಲಿರಬೇಕು. ಬರುವ ಸೋಮವಾರ ಅಮ್ಮನನ್ನು ಕರೆತರುತ್ತೇನೆ. ಮಹದೇವಮ್ಮ ಬರೆದ ಹಾಳೆಯೂ ಜೊತೆಗಿರುತ್ತದೆ. ಈ ಸಲ ಅದನ್ನು ಓದಿಯೇ ಕಳಿಸಬೇಕು. ಓದುವವರೆಗೆ ಆ ಬೆಂಚು ಬಿಟ್ಟು ಏಳುವುದಿಲ್ಲ. ಸೋಮವಾರ ನಮಗೆ ಹೇಗೂ ರಜೆ.

ಇಂತಿ,
ನಿಮ್ಮ ದಾಖಲೆಯಲ್ಲಿ ಇನ್ನೂ ನಾರ್ಮಲ್ ಆಗಿರುವವನ ಮಗ
ನಂಜೇಶ್, ಹೆಮ್ಮರಗಾಲ